ಕಾಲಿನಿಂದ ನೀರಳೆದವನು

ಅವನು ಬುಕ್ಕಸಾಗರದ ಗದ್ದೆಗಳಿಗೆ ನೀರು ಬಿಡುವ ನೀರುಗಂಟಿ. ಕಾಲುವೆಗಿಳಿದು, ನೀರು ಕಾಲಿನಲ್ಲಿ ಎಲ್ಲಿಗೆ ಮುಟ್ಟಿತೆಂದು ನೋಡಿ, ಅದು ಯಾವ ಗದ್ದೆಯವರೆಗೆ ಹೋಗುತ್ತದೆಂದು ಹೇಳಿಬಿಡುತ್ತಿದ್ದ. ಯಾರಾದರೂ ಅನುಮಾನಪಟ್ಟರೆ, "ನನ್ನ ಕೇಳಬ್ಯಾಡ್ರಿ, ನೀರನ್ನ ಕೇಳ್ರಿ" ಎನ್ನುತ್ತಿದ್ದ.

ನಾನಾಗ ಹೊಸಪೇಟೆಯ ಕಚೇರಿಯಲ್ಲಿ ಗುಮಾಸ್ತ. ಈ ಸೀಮೆಯ ಊರು, ಬೆಳೆ, ಹಳೆಯ ಕಟ್ಟಡ, ಕಾಲುವೆಗಳ ವಿವರ ಬರೆದುಕೊಡಲು ಕಚೇರಿಯ ಬಿಳಿಯ ದೊರೆ ಹೇಳಿದ್ದರು. ಹಂಪಿಯಿಂದ ಕಂಪ್ಲಿಯವರೆಗೆ ಅವನೇ ನನ್ನನ್ನು ಕಾಲುವೆಗುಂಟ ನಡೆಸಿ, ಒಂದೊಂದು ತೂಬಿನ ಕಥೆಯನ್ನೂ ಹೇಳಿದ. ನಾನು ಕೊಡೆಯ ನೆರಳಲ್ಲಿ ನಿಂತು ಬರೆದುಕೊಂಡೆ.

ದೊರೆ ಓದಿ ಮೆಚ್ಚಿದರು. ಇದೆಲ್ಲ ಹೇಗೆ ತಿಳಿಯಿತೆಂದು ಇಂಗ್ಲಿಷಿನಲ್ಲಿ ಕೇಳಿದರು. ಅವನು ಬಾಗಿಲಲ್ಲೇ ನಿಂತಿದ್ದ. ನಾನೇ ಅಲೆದು ಕಂಡುಕೊಂಡೆ ಎಂದೆ, ಇಂಗ್ಲಿಷಿನಲ್ಲೇ.

ಹೊರಗೆ ಬಂದಾಗ, "ನನ್ನ ಹೆಸರು ಹೇಳಿದ್ರೇನ್ರಿ ರಾಯರ?" ಎಂದ.

"ಹೇಳಿದೆ" ಎಂದೆ.

ಸುಗ್ಗಿ ಮುಗಿದ ಮೇಲೆ, ತನ್ನ ಪಾಲಿಗೆ ಬಂದ ಭತ್ತ ಕುಟ್ಟಿಸಿ, ಒಂದು ಚೀಲ ಅಕ್ಕಿ ಹೊತ್ತು ನಮ್ಮ ಮನೆಗೆ ಬಂದ.

"ದೊರಿ ಮುಂದ ನನ್ನ ಹೆಸರು ಹೇಳಿದ್ರಲ್ಲ, ಅದಕ್ರಿ."

ಬೇಡವೆನ್ನಬೇಕಾದರೆ ನಿಜ ಹೇಳಬೇಕಿತ್ತು. ಆ ಅಕ್ಕಿಯನ್ನು ನಾವು ಯುಗಾದಿಯವರೆಗೂ ಉಂಡೆವು.