ಶಾಮಣ್ಣ ತಿದ್ದಿದ ಮೂವತ್ತನಾಲ್ಕು

ಮಾಟುಂಗದ ಶಾಮಣ್ಣ ಇಂಟರ್ ಪರೀಕ್ಷೆಯಲ್ಲಿ ಎರಡು ಸಲ ಡುಮ್ಕಿ ಹೊಡೆದವನು. ಆದರೂ ಮುಂಬಯಿಯಲ್ಲಿ ತನ್ನ ಕೈ ದಾಟದೆ ಡಾಕ್ಟರೇಟ್ ಪಡೆದವರು ಕಡಿಮೆ ಎಂದು ಹೇಳಿಕೊಂಡು ಓಡಾಡುತ್ತಿದ್ದ. ಹೇಳಿಕೊಳ್ಳಲಿ ಬಿಡಿ, ಅದರಲ್ಲಿ ಕಾಲು ಭಾಗ ನಿಜವೂ ಇತ್ತು. ಸಾಲುಕೋಣೆಗಳ ಚಾಳಿನ ಎರಡನೆಯ ಮಾಳಿಗೆಯ ಒಂದೇ ಕೋಣೆಯಲ್ಲಿ ಅವನ ಸಂಸಾರ, ಕಿಟಕಿಯ ಪಕ್ಕ ಅವನ ಟೈಪ್‌ರೈಟರ್. ಸಂಶೋಧನೆ ಮಾಡುವ ಹುಡುಗರು ಇಂಗ್ಲಿಷ್ ಕೈಬರಹದ ಕಟ್ಟು ಹೊತ್ತು ಮೆಟ್ಟಿಲು ಹತ್ತಿ ಬರುತ್ತಿದ್ದರು. ಇವನು ನಾಲ್ಕು ಕಾರ್ಬನ್ ಇಟ್ಟು ಐದು ಪ್ರತಿ ಕುಟ್ಟಿಕೊಡುತ್ತಿದ್ದ.

ಬೇರೆ ಟೈಪಿಸ್ಟರು ಅಕ್ಷರ ನೋಡಿ ಕುಟ್ಟುತ್ತಾರೆ. ಶಾಮಣ್ಣ ಓದಿ ಕುಟ್ಟುತ್ತಿದ್ದ, ಅದೇ ಅವನ ರೋಗ. ವರ್ಸೋವಾದ ಕೆಸರಿನಲ್ಲಿರುವ ಒಂದು ಹುಳುವಿನ ಹಲ್ಲಿನ ಮೇಲೆ ಒಬ್ಬ ಮುನ್ನೂರು ಪುಟ ಬರೆದಿದ್ದ. ಹುಳುವಿಗೆ ಹಲ್ಲು! ಇನ್ನೊಬ್ಬ, ಆಕಾಶದಿಂದ ಸುರಿಯುವ ಕಣ್ಣಿಗೆ ಕಾಣದ ಕಣಗಳ ಲೆಕ್ಕ ಹಿಡಿದವನು. ಅವು ಮನುಷ್ಯನ ಮೈಯನ್ನೇ ತೂರಿಕೊಂಡು ಹೋಗುತ್ತವೆಂದು ಟೈಪು ಮಾಡಿದ ದಿನ ಶಾಮಣ್ಣ ತನ್ನ ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. ಮತ್ತೊಬ್ಬ ಗಿರಣಿಯ ನೂಲು ಎಷ್ಟು ತೇವಕ್ಕೆ ತುಂಡಾಗುತ್ತದೆ ಎಂದು ಆರು ವರ್ಷ ಎಳೆದೆಳೆದು ನೋಡಿದ್ದ. ಅಬ್ಬಬ್ಬಾ, ಮನುಷ್ಯರು ಏನೇನು ಕೂತು ನೋಡುತ್ತಾರಪ್ಪ ಎಂದು ಶಾಮಣ್ಣನಿಗೆ ಮೈ ಜುಮ್ಮೆನ್ನುತ್ತಿತ್ತು. ಊಟಕ್ಕೆ ಕೂತರೆ ಹೆಂಡತಿ ಪುಟ್ಟಲಕ್ಷ್ಮಿಗೂ ಅದನ್ನೇ ಬಡಿಸುತ್ತಿದ್ದ.

ಆ ನೂಲಿನವನ ಬರಹದಲ್ಲಿ ದಶಾಂಶದ ಚುಕ್ಕೆಯೊಂದು ತಪ್ಪು ಕಡೆ ಬಿದ್ದಿತ್ತು. ಶಾಮಣ್ಣ ಹಿಡಿದು ತಿದ್ದಿದ. ಹುಡುಗ ಪೇಢೆ ತಂದುಕೊಟ್ಟು ಕೈಮುಗಿದ. ಅಲ್ಲಿಂದ ನಮ್ಮ ಶಾಮಣ್ಣನಿಗೆ ಕೊಂಬು ಮೂಡಿತು.

ಐವತ್ತಾರರ ಬೇಸಿಗೆಯಲ್ಲಿ ನೀಲಾವತಿ ಬಂದಳು. ಗದಗಿನ ಕಡೆಯ ಹುಡುಗಿ, ಮುಂಬಯಿಯಲ್ಲಿ ಅಣ್ಣನ ಮನೆಯಲ್ಲಿದ್ದು ಓದುತ್ತಿದ್ದಳು. ಮಾಟುಂಗದ ಚಾಳುಗಳಲ್ಲಿ ಜನ ಹೇಗೆ ಬದುಕುತ್ತಾರೆ ಎಂಬುದೇ ಅವಳ ಪ್ರಬಂಧ. ಶಾಮಣ್ಣ ಮೂಗು ಮುರಿದ.

"ಇದಕ್ಕೂ ಡಿಗ್ರಿ ಕೊಡ್ತಾರೇನಮ್ಮ? ಗ್ಯಾಲರಿಯಿಂದ ಬಗ್ಗಿದ್ರೆ ಎಲ್ಲಾ ಕಾಣತ್ತೆ."

"ಬಗ್ಗಿ ನೋಡೀರೇನ್ರಿ?" ಎಂದು ಅವಳು ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಶನಿವಾರ ಒಪ್ಪಸಬೇಕ್ರಿ. ತಪ್ಪಿತಂದ್ರ ಮತ್ತ ಒಂದು ವರ್ಷ. ಅಷ್ಟು ದಿನ ನಮ್ಮಪ್ಪ ಕಾಯಂಗಿಲ್ಲ, ಮದುವಿ ಮಾಡಿ ಕಳಿಸಿಬಿಡ್ತಾನ. ನಿಮ್ಮ ಚಾಳೂ ಐತ್ರಿ ಇದರಾಗ, ಚಂದಾಗಿ ಮಾಡಿಕೊಡ್ರಿ" ಎಂದಳು.

ಅವಳ ಬರಹದಲ್ಲಿ ಏಳು ಕೋಷ್ಟಕಗಳಿದ್ದವು. ಮೊದಲನೆಯದರಲ್ಲಿ ಶಾಮಣ್ಣನ ಚಾಳಿನ ಸಾಲೇ ಸಿಕ್ಕಿತು: ತಳಮಹಡಿ, ಒಂದು ಕೋಣೆ, ಹತ್ತಡಿ ಹನ್ನೆರಡಡಿ, ವಾಸಿಸುವವರು ಮೂವತ್ತನಾಲ್ಕು. ಶಾಮಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ಅದು ಉಡುಪಿ ಹೋಟೆಲಿನ ಹುಡುಗರ ಕೋಣೆ. ಹನ್ನೆರಡು ವರ್ಷದಿಂದ ಅದರ ಮುಂದೆಯೇ ಹಾಯ್ದು ಹೋಗುತ್ತಾನೆ. ಯಾವಾಗ ನೋಡಿದರೂ ಬಾಗಿಲಲ್ಲಿ ಮೂರೋ ನಾಲ್ಕೋ ಜನ. ಪಾಪ, ಹುಡುಗಿ ಆತುರದಲ್ಲಿ ನಾಲ್ಕರ ಹಿಂದೆ ಒಂದು ಮೂರು ಹೆಚ್ಚು ಗೀಚಿದ್ದಾಳೆ ಎಂದುಕೊಂಡು 'ನಾಲ್ಕು' ಎಂದು ಕುಟ್ಟಿದ. ಸುಮ್ಮನಿದ್ದನೇ? ಕೆಳಗಿನ ಒಟ್ಟು ಮೊತ್ತದಲ್ಲೂ ಮೂವತ್ತು ಕಳೆದ. ಮುಂದಿನ ಐದು ಕೋಷ್ಟಕಗಳ ಸರಾಸರಿಗಳನ್ನೂ ಪೆನ್ಸಿಲ್ ಹಿಡಿದು ಹೊಸದಾಗಿ ಭಾಗಿಸಿ, ಬೆವರು ಸುರಿಸಿ ಸರಿಪಡಿಸಿದ. ಇಷ್ಟು ಶ್ರದ್ಧೆಯಿಂದ ಒಬ್ಬರ ಕೆಲಸ ಕೆಡಿಸಿದವನು ಮಾಟುಂಗದಲ್ಲಿ ಇನ್ನೊಬ್ಬನಿರಲಿಕ್ಕಿಲ್ಲ.

ಗುರುವಾರ ಮಧ್ಯಾಹ್ನ ನೀಲಾವತಿ ಬಂದು ಆರು ಕೋಷ್ಟಕ ನೋಡಿದಳು. ಮೊದಲನೆಯದರ ಮೇಲೆ ಬೆರಳಿಟ್ಟಳು.

"ಇದನ್ನ ಯಾರು ಬದಲು ಮಾಡ್ಯಾರ್ರಿ?"

"ನಾನೇ ಕಣಮ್ಮ," ಎಂದ ಶಾಮಣ್ಣ, ಪೇಢೆ ನಿರೀಕ್ಷಿಸುವವನ ಹಾಗೆ. "ಮೂವತ್ನಾಲ್ಕು ಅಂತ ಬರ್ದಿದ್ದೆ. ಆ ರೂಮಲ್ಲಿ ಮೂವತ್ನಾಲ್ಕು ಬೆಕ್ಕೂ ಹಿಡಿಯಲ್ಲ."

ಅವಳು ಅಳಲಿಲ್ಲ, ಬೈಯಲೂ ಇಲ್ಲ. "ಬರ್ರಿ ನನ್ ಜೋಡಿ" ಎಂದು ದಡದಡ ಮೆಟ್ಟಿಲಿಳಿದಳು. ಬನಿಯನ್ನಿನಲ್ಲೇ ಇದ್ದ ಶಾಮಣ್ಣ ಹಿಂದೆ ಓಡಿದ.

ತಳಮಹಡಿಯ ಕೋಣೆಯ ಬಾಗಿಲು ತಳ್ಳಿದಾಗ ಮೂರು ಗಂಟೆ. ನೆಲ ಕಾಣಲಿಲ್ಲ. ಹನ್ನೊಂದು ಜನ ಒತ್ತೊತ್ತಾಗಿ, ಎಲ್ಲರೂ ಒಂದೇ ಮಗ್ಗುಲಿಗೆ ಮಲಗಿದ್ದರು. ಗೋಡೆಯ ಉದ್ದಕ್ಕೂ ಸೂರಿನವರೆಗೆ ಟ್ರಂಕುಗಳು.

"ಟ್ರಂಕು ಎಣಸ್ರಿ, ತಲಿಗೊಂದು" ಎಂದಳು ನೀಲಾವತಿ.

ಶಾಮಣ್ಣ ಬೆರಳು ಚಾಚಿ ಎಣಿಸಿದ. ನಂಬಿಕೆಯಾಗದೆ ಇನ್ನೊಮ್ಮೆ ಎಣಿಸಿದ. ಎರಡು ಸಲವೂ ಮೂವತ್ತನಾಲ್ಕು.

ಬಾಗಿಲ ಬಳಿ ಮಲಗಿದ್ದ ದೋಸೆ ಹುಯ್ಯುವ ಮೋನಪ್ಪ ಎದ್ದು ಕೂತ. "ಎಂತ ಮಾರಾಯ್ರೆ, ಮೇಲಿನ ಭಟ್ರು ಇಲ್ಲಿ? ನಾವು ಬೆಳಿಗ್ಗಿನವರು ಹನ್ನೊಂದು. ನಾವು ಎದ್ದ ಕೂಡ್ಲೆ ಆಚೆಯವರು ಬರ್ತಾರೆ, ಆಮೇಲೆ ಇನ್ನೊಂದು ಪಾಳಿ ಉಂಟು. ಚಾಪೆ ತಣಿಲಿಕ್ಕೆ ಪುರುಸೊತ್ತಿಲ್ಲ. ಈ ಅಕ್ಕ ಎಲ್ಲರ ಹೆಸರು, ಊರು ಬರ್ಕೊಂಡಿದ್ದಾರೆ. ಇಷ್ಟರವರೆಗೆ ನಮ್ಮನ್ನು ಯಾರು ಕೇಳಿದ್ದು?"

"ಇದು ನಿಂಗೆ ಹೇಗಮ್ಮ ಗೊತ್ತಾಯ್ತು?" ಎಂದು ಶಾಮಣ್ಣ ಕೇಳಿದ.

"ಇಪ್ಪತ್ತೊಂದು ದಿನ ಇದಽ ಮೆಟ್ಟಿಲ ಮ್ಯಾಲೆ ಕುಂತಿದ್ದೆ ರೀ. ಹೊತ್ತು ಬದಲಿಸಿ ಬದಲಿಸಿ. ನೀವು ಎರಡು ಸಲ 'ಬಾಜೂ ಸರಿಯಮ್ಮ' ಅಂದು ಹೋದ್ರಿ."

ಶಾಮಣ್ಣನಿಗೆ ನಾಚಿಕೆಯಾಯಿತು, ನಿಜ. ಆದರೆ ನಾಚಿಕೆಗಿಂತ ದೊಡ್ಡದೊಂದು ಬೆರಗು ಎದೆಯಲ್ಲಿ ತುಂಬಿ ನಿಂತಿತು. ಆಕಾಶದ ಕಣಗಳಿಗೆ ಬಾಯಿ ಬಿಟ್ಟವನು ಅವನು. ಕಾಲಡಿಯಲ್ಲಿ ಮೂವತ್ತನಾಲ್ಕು ಜನ ಸರದಿಯ ಮೇಲೆ ನಿದ್ದೆ ಮಾಡುತ್ತಿದ್ದುದು ಹನ್ನೆರಡು ವರ್ಷ ಕಂಡಿರಲಿಲ್ಲ. ಈ ಹುಡುಗಿ ಒಂದು ನೋಟ್‌ಬುಕ್ ಹಿಡಿದು ಮೆಟ್ಟಿಲ ಮೇಲೆ ಕೂತು ಕಂಡುಹಿಡಿದಿದ್ದಳು.

"ಶನಿವಾರ ಅಂದ್ಯಲ್ಲ, ಶುಕ್ರವಾರ ಸಂಜೆಗೇ ಕೊಡ್ತೀನಿ. ಆಗದೆ ಹೋದ್ರೆ ಮೆಷೀನು ಮಾರಿಬಿಡ್ತೀನಿ" ಎಂದು ಮೆಟ್ಟಿಲು ಹತ್ತಿದ.

ಆರೂ ಕೋಷ್ಟಕ ಹರಿದು ಹೊಸದಾಗಿ ಕೂತ. ಇದ್ದದ್ದನ್ನು ಇದ್ದ ಹಾಗೆ ಕುಟ್ಟುವುದು ಅವನಿಗೆ ಎಷ್ಟು ಕಷ್ಟವೆಂದು ಆ ಎರಡು ದಿನ ತಿಳಿಯಿತು. ಶುಕ್ರವಾರ ಮಧ್ಯಾಹ್ನ ಹನ್ನೆರಡಕ್ಕೆ ಏಳನೆಯದೊಂದೇ ಉಳಿದಿತ್ತು. ಅದರಲ್ಲಿ ಚಾಳಿನ ಗೃಹಿಣಿಯರಿಗೆ ಕೇಳಿದ ಪ್ರಶ್ನೆ: ದಿನಕ್ಕೊಂದು ಗಂಟೆ ನಿಮ್ಮದೇ ಆದರೆ ಏನು ಮಾಡುವಿರಿ? ಒಬ್ಬಳು ನಿದ್ದೆ ಎಂದಿದ್ದಳು. ಒಬ್ಬಳು ಸಮುದ್ರ ನೋಡಬೇಕು ಎಂದಿದ್ದಳು. ಹೆಸರಿಲ್ಲ, ಬರೀ ನಂಬರು. ಮುಂದಿನ ಸಾಲು: ಎರಡನೆಯ ಮಾಳಿಗೆ, ಗಂಡನಿಗೆ ಮನೆಯಲ್ಲೇ ಟೈಪಿಂಗ್ ಕೆಲಸ. ಉತ್ತರ: ಇಂಗ್ಲಿಷ್ ಕಲಿಯುವೆ. ಮನೆಯವರು ಕುಟ್ಟುವುದನ್ನು ಒಂದು ಸಲವಾದರೂ ನಾನೇ ಓದಬೇಕು.

ಶಾಮಣ್ಣನ ಬೆರಳು ನಿಂತವು. ಇಡೀ ಚಾಳಿನಲ್ಲಿ ಟೈಪಿಸ್ಟು ಅವನೊಬ್ಬನೇ. ಸಾಲನ್ನು ಮತ್ತೆ ಓದಿದ, ಆಮೇಲೆ ಒಂದಕ್ಷರವೂ ಹೆಚ್ಚುಕಮ್ಮಿಯಾಗದಂತೆ ನಿಧಾನವಾಗಿ ಕುಟ್ಟಿದ.

"ಪುಟ್ಟಲಕ್ಷ್ಮೀ," ಎಂದು ಕರೆದ. "ಇಂಗ್ಲಿಷ್ ಕಲೀಬೇಕು ಅಂತ ಆ ಹುಡುಗಿಗೆ ಹೇಳಿದ್ಯೇನೇ?"

ಒಲೆಯ ಮುಂದೆ ಕೂತಿದ್ದ ಪುಟ್ಟಲಕ್ಷ್ಮಿ ತಿರುಗಿಯೂ ನೋಡಲಿಲ್ಲ.

"ಅವಳು ಕೇಳಿದ್ಲು, ಹೇಳ್ದೆ. ನೀವು ಯಾವತ್ತು ಕೇಳಿದ್ರಿ?"

ಶಾಮಣ್ಣ ಎದ್ದು, ಕೂತಿದ್ದ ಕುರ್ಚಿಯನ್ನು ಅವಳ ಕಡೆ ತಿರುಗಿಸಿಟ್ಟು, "ಬಾ, ನಿನ್ನ ಸಾಲಿಂದ್ಲೇ ಓದೋಕೆ ಶುರು ಮಾಡೋಣ" ಎಂದು ತಾನು ನೆಲದ ಮೇಲೆ ಕೂತ.