ಆಮ್ಲಕ್ಕೆ ಕ್ಷಾರ, ಕ್ಷಾರಕ್ಕೆ ಆಮ್ಲ

ಮೊನ್ನೆ ಗಂಡನ ಶೇವಿಂಗ್ ಡಬ್ಬಿ ಒರೆಸುವಾಗ ಪಟಿಕದ ಚೂರೊಂದು ಕೈಗೆ ಸಿಕ್ಕಿತು. ಸುಮ್ಮನೆ ನಾಲಿಗೆಗೆ ತಾಗಿಸಿದೆ. ಬಾಯೆಲ್ಲ ಒಗರು... ಅದರ ಹಿಂದೆಯೇ ನನ್ನ ಟ್ಯೂಷನ್ ಅಕ್ಕೋರು ನೆನಪಾದರು. ಧಾರವಾಡದ ಕಡೆಯವರಾದ ನಾವು ಟೀಚರಮ್ಮನನ್ನು ಹಾಗೆಯೇ ಕರೆಯುವುದು.

ಎಂಬತ್ತರ ದಶಕದ ಗೋರೆಗಾಂವ್. ಚಾಳಿನ ನಮ್ಮದೇ ಮಹಡಿಯ ತುದಿಯ ಖೋಲಿಯಲ್ಲಿ ಅವರೊಬ್ಬರೇ ಇದ್ದರು. ಯಾವುದೋ ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸುತ್ತಿದ್ದರು. ಹತ್ತನೆಯವರೆಗೆ ಕನ್ನಡದಲ್ಲಿ ಓದಿ, ಇಂಗ್ಲಿಷ್ ಕಾಲೇಜಿಗೆ ಬಿದ್ದು ಒದ್ದಾಡುತ್ತಿದ್ದ ನನ್ನನ್ನು ಅಪ್ಪ ಅವರ ಹತ್ತಿರ ಹಾಕಿದ. ಅವರ ಖೋಲಿಯ ಮೂಲೆಯಲ್ಲಿದ್ದ ಸ್ನಾನದ ಮೋರಿಯೇ ನಮ್ಮ ಲ್ಯಾಬು. ತಪ್ಪಿದರೆ ಬೆರಳ ಗೆಣ್ಣಿನ ಮೇಲೆ ಸ್ಟೀಲ್ ಸ್ಕೇಲು, ಅದೂ ಅಂಚಿನಿಂದ.

ಒಂದು ದಿನ ಪಟಿಕ ಕರಗಿಸಿದ ನೀರು ಕೊಟ್ಟು, ಅದಕ್ಕೆ ಕಾಸ್ಟಿಕ್ ಸೋಡಾ ದ್ರಾವಣ ಹಾಕೆಂದರು. ನಾನು ಒಮ್ಮೆಗೇ ಸುರಿದೆ. ನೀರು ತಿಳಿಯಾಗಿಯೇ ಉಳಿಯಿತು. ಇದರಲ್ಲಿ ಏನೂ ಇಲ್ಲ ಎಂದೆ. ಸ್ಕೇಲು ಬಿತ್ತು.

"ಪಂಕ್ತಿಯೊಳಗ ಸಾರು ಸುರಿದ್ಹಂಗ ಸುರೀತೀಯಲ್ಲ! ಹನಿ ಹನಿ ಹಾಕು."

ಬೇರೆ ಪಟಿಕದ ನೀರು ತೆಗೆದುಕೊಂಡು ಹನಿ ಹನಿ ಹಾಕಿದಾಗ ಬಿಳಿಯ ಲೋಳೆ ಕಂಡಿತು. ಇನ್ನಷ್ಟು ಹಾಕಿದರೆ ಅದೂ ಕರಗಿ ಮಾಯ. ಆ ಲೋಳೆ ಆಮ್ಲದಲ್ಲೂ ಕರಗುತ್ತದೆ, ಕ್ಷಾರದಲ್ಲೂ ಕರಗುತ್ತದೆ ಎಂದರು. ಆಮ್ಲ ಎದುರಿಗಿದ್ದರೆ ಅದು ಕ್ಷಾರದಂತೆ, ಕ್ಷಾರ ಎದುರಿಗಿದ್ದರೆ ಆಮ್ಲದಂತೆ ನಡೆದುಕೊಳ್ಳುತ್ತದೆ. ಪುಸ್ತಕದ 'ಆಂಫೋಟೆರಿಕ್' ಎಂಬ ಪದಕ್ಕೆ ಹೆದರುತ್ತಿದ್ದವಳಿಗೆ ಅವರು 'ಉಭಯಧರ್ಮಿ' ಎಂದು ಹೇಳಿಕೊಟ್ಟರು. ತಲೆಯೊಳಗೆ ದೀಪ ಹೊತ್ತಿತು. ಗೆಣ್ಣಿನ ಉರಿ ಮರೆತು ನಕ್ಕುಬಿಟ್ಟೆ.

"ನೀ ಬಿ.ಎಸ್ಸಿ. ಮಾಡಬೇಕವಾ. ನಿಮ್ಮಪ್ಪಗ ನಾ ಹೇಳ್ತೀನಿ" ಎಂದರು ಅಂದು. ಆ ಒಂದು ಮಾತಿಗೆ ನಾನು ಜೋತುಬಿದ್ದೆ. ಮನೆಯಲ್ಲಿ ಆಗಲೇ ನನ್ನ ಮದುವೆಯ ಮಾತು ಶುರುವಾಗಿತ್ತು.

ಪರೀಕ್ಷೆ ಮುಗಿದ ವಾರ ಅಪ್ಪ ಅವರನ್ನು ಚಹಾಕ್ಕೆ ಕರೆದ. ನಾನು ಪರದೆಯ ಈಚೆ ಸ್ಟೋವ್ ಮುಂದೆ ಕುಳಿತಿದ್ದೆ. ಒಂದೇ ಖೋಲಿಯ ಮನೆಯಲ್ಲಿ ಗೋಡೆಯೆಂದರೆ ಅಮ್ಮನ ಹಳೆಯ ಸೀರೆ.

"ಹುಡುಗಿ ಬಿ.ಎಸ್ಸಿ. ಅಂತ ಹಟಾ ಹಿಡದಾಳ್ರೀ. ಹುಬ್ಬಳ್ಳಿಯಿಂದ ಛಲೋ ಸಂಬಂಧ ಬಂದದ. ನೀವು ಹೆಂಗ ಹೇಳ್ತೀರಿ ಹಂಗ" ಎಂದ ಅಪ್ಪ. ಅವನಿಗೆ ಯಾವ ಉತ್ತರ ಬೇಕಿತ್ತೆಂದು ಆ ದನಿಯಲ್ಲೇ ತಿಳಿಯುತ್ತಿತ್ತು.

ಅಕ್ಕೋರಿಗೂ ತಿಳಿಯಿತು.

"ಕೊಟ್ಟುಬಿಡ್ರಿ. ಆಕೀ ಕೈ ಭಾಳ ಒರಟು, ಲ್ಯಾಬಿನ ಕೆಲಸ ಆಗೂದಿಲ್ಲ. ಸುಮ್ಮನ ಯಾಕ ವರ್ಷ ಹಾಳು?"

ಚಹಾ ಉಕ್ಕಿ ಸ್ಟೋವ್ ಆರಿತು. ಪರದೆಯ ಆಚೆ ಆಡಿದ್ದು ಈಚೆ ಕೇಳಿಸಿಲ್ಲ ಎಂಬಂತೆ ಇರುವುದು ಚಾಳಿನ ರಿವಾಜು. ಇಲ್ಲದಿದ್ದರೆ ಅಷ್ಟು ಜನ ಅಷ್ಟು ಜಾಗದಲ್ಲಿ ಬಾಳುವುದು ಹೇಗೆ? ಕೇಳಿಸದ ಮಾತಿಗೆ ನಾನು ಎದುರಾಡುವುದಾದರೂ ಹೇಗೆ? ಮತ್ತೆ ಚಹಾ ಮಾಡಿ, ಅವರ ಕೈಗೆ ಕೊಟ್ಟೆ. "ಸಕ್ಕರಿ ಬರೋಬರಿ ಅದ" ಎಂದು ನನ್ನ ಬೆನ್ನು ಸವರಿದರು.

ಪ್ರಾಕ್ಟಿಕಲ್‌ನಲ್ಲಿ ನನಗೆ ಕ್ಲಾಸಿಗೇ ಹೆಚ್ಚು ಅಂಕ ಬಂದಿತ್ತು. ಅದು ತಿಳಿಯುವ ಹೊತ್ತಿಗೆ ಲಗ್ನಪತ್ರಿಕೆ ಹಂಚಿಯಾಗಿತ್ತು.

ಕೆಲವು ವರ್ಷಗಳ ನಂತರ, ತೊಂಬತ್ತರ ಆರಂಭದಲ್ಲಿ, ತವರಿಗೆ ಬಂದಿದ್ದಾಗ ಸಾಂತಾಕ್ರೂಜ್ ಸ್ಟೇಷನ್ನಿನಲ್ಲಿ ಎದುರಾದರು. ನನ್ನ ಕಂಕುಳಲ್ಲಿ ಮಗಳು. ಅವರ ಕಣ್ಣು ತುಂಬಿತು.

"ಎಂಥಾ ತಲಿ ಹಾಳಾತವಾ! ಓದಸ್ರೀ ಅಂತ ನಿಮ್ಮಪ್ಪನ ಮುಂದ ಎಷ್ಟು ಬಡಕೊಂಡೆ. ಕೇಳಲಿಲ್ಲ ನೋಡು."

ಸುಳ್ಳು ಹೇಳುವವರ ಮುಖ ನನಗೆ ಗೊತ್ತು. ಅದು ಆ ಮುಖವಲ್ಲ... ಎದುರಿಗೆ ನಾನಿದ್ದೆ, ಅದಕ್ಕೆ ಅವರು ನನ್ನವರಾಗಿದ್ದರು, ಅಷ್ಟೆ. "ಹೌದ್ರಿ ಅಕ್ಕೋರ" ಎಂದೆ. ಮಗಳಿಂದ ಕಾಲಿಗೆ ನಮಸ್ಕಾರವನ್ನೂ ಮಾಡಿಸಿದೆ.

ಕಳೆದ ತಿಂಗಳು ಅವರು ಹೋದರೆಂಬ ಸುದ್ದಿ ಬಂತು. ನನಗೆ ಅರ್ಥವಾಗುವಂತೆ ಕಲಿಸಿದವರು ಅವರೊಬ್ಬರೇ, ಅದಕ್ಕೇ ಅಳು ಬಂತು. ಅತ್ತಿದ್ದಕ್ಕೆ ಸಿಟ್ಟೂ ಬಂತು. ಅಪ್ಪ ಎಂದೋ ಹೋದ. ಆ ಪರದೆಯ ಮಾತು ನನಗೆ ಕೇಳಿಸಿತ್ತು ಎಂದು ಇನ್ನು ಯಾರಿಗೆ ಹೇಳಲಿ?