ನಲವತ್ತೊಂದು ಕಾಳು ಮತ್ತು ರಸಾಯನಶಾಸ್ತ್ರ

"ಅಜ್ಜಿ, ನನ್ನಂಥ ಪೆದ್ದಿ ಇಡೀ ನರಿನ್ ಊರಲ್ಲೇ ಇಲ್ಲ. ಕಾಲೇಜು ಸೇರೋಕೆ ಎಲ್ಲರೂ ಬರೆಯೋ ದೊಡ್ಡ ಪರೀಕ್ಷೆ ಹೇಗೂ ಇದೆ. ಅದರ ಜೊತೆ ಯಾವ ವಿಷಯದ ಪರೀಕ್ಷೆ ತಗೋತೀನಿ ಅಂತ ಇವತ್ತೇ ಬರೆದುಕೊಡಬೇಕು. ನಾನು ಡಾಕ್ಟರಾಗಬೇಕು. ಡಾಕ್ಟರಾಗೋಕೆ ರಸಾಯನಶಾಸ್ತ್ರ ಬೇಕು, ಅದರ ಪುಸ್ತಕ ಕಂಡ್ರೇನೇ ನನಗೆ ಜ್ವರ. ಇತಿಹಾಸ ಸುಲಭ, ಆದ್ರೆ ಅದರ ಪರೀಕ್ಷೆ ಬರೆದವರನ್ನ ಡಾಕ್ಟರ್ ಮಾಡಲ್ಲವಂತೆ. ನೀನೇ ಕಾಳು ಹಾಕಿ ಹೇಳು."

ಪಕ್ಕದ ಮನೆಯ ಐಜಿರೆಕ್ ಹೀಗೆಂದು ಅರ್ಜಿ ಹಿಡಿದು ನನ್ನ ಮುಂದೆ ಕೂತಳು. ನಾನು ನಲವತ್ತೊಂದು ಕಾಳು ಹರಡಿ ಕಳೆದ ಕುದುರೆಯ ದಿಕ್ಕು ಹೇಳುವವಳು. ಮೂರನೇ ತರಗತಿಯನ್ನೇ ಎರಡು ಸಲ ಓದಿದವಳು. ಆದರೂ ದೊಡ್ಡ ಪಂಡಿತೆಯಂತೆ ಕಾಳು ಹರಡಿದೆ. ಪಶ್ಚಿಮದಿಂದ ನೆಂಟರು ಬರುತ್ತಾರೆ ಎಂದು ಬಂತು. ನನ್ನ ಕಾಳಿಗೆ ಯಾವಾಗಲೂ ಬರುವುದೇ ಅಷ್ಟು.

"ರಸಾಯನಶಾಸ್ತ್ರ ಅಂತ ಬರಿ," ಎಂದೆ.

"ಅಯ್ಯೋ! ಕಾಳು ಹಾಗಂತಾ?"

"ಕಾಳಿಗೇನು ಗೊತ್ತು, ಮಂಕೇ? ನೀನು ಒಂದೇ ಉಸಿರಲ್ಲಿ ಡಾಕ್ಟರು ಅಂತ ಮೂರು ಸಲ ಅಂದೆ. ಇತಿಹಾಸ ಅನ್ನೋವಾಗ ಆಕಳಿಸಿದೆ."

ಅವಳು ನಕ್ಕು, ಬೈದುಕೊಳ್ಳುತ್ತಲೇ ರಸಾಯನಶಾಸ್ತ್ರ ಎಂದು ಬರೆದಳು. ಶಾಲೆಗೆ ಓಡಿಹೋಗಿ ಅರ್ಜಿ ಕೊಟ್ಟು ಬಂದಳು. ಆಮೇಲೆ ಅಂಗಿಯ ತೋಳು ಮಡಚಿ ನನ್ನ ಜೊತೆ ರೊಟ್ಟಿಯ ಹಿಟ್ಟು ನಾದಲು ಕೂತಳು.